ಮೂವತ್ತೊಂದನೇ ನಿಯಮ

ಫೆಬ್ರವರಿ ೩, ಸೋಮವಾರ

ಮುಂದಿನ ವರ್ಷದ ಕೈಪಿಡಿಗಾಗಿ ವಿದ್ಯಾರ್ಥಿಗಳ ನಡವಳಿಕೆ ನಿಯಮಗಳನ್ನು ಪರಿಷ್ಕರಿಸಿ ಕೊಡಿ ಎಂದು ಪ್ರಿನ್ಸಿಪಾಲರು ಹೇಳಿದ್ದಾರೆ. ಹೇಳದಿದ್ದರೂ ಪ್ರತಿ ಫೆಬ್ರವರಿಯಲ್ಲಿ ನಾನೇ ಕೂತು ಮಾಡುವ ಕೆಲಸವಿದು. ಒಟ್ಟು ನಲವತ್ತಾರು ನಿಯಮ. ಅರ್ಧಕ್ಕರ್ಧ ನಾನು ಈ ಕಾಲೇಜಿನ ಕಚೇರಿಗೆ ಬಂದ ಮೇಲೆ, ಅಂದರೆ ಇಪ್ಪತ್ತೆಂಟು ವರ್ಷಗಳಲ್ಲಿ, ಸೇರಿದವು. ಒಂದೊಂದರ ಜಾತಕವೂ ನನಗೆ ಗೊತ್ತು. ಕಾರಿಡಾರಿನಲ್ಲಿ ಕೇಕ್ ಕತ್ತರಿಸಬಾರದು ಎಂಬ ಹದಿನಾಲ್ಕನೆಯದು ಗಣಿತದ ಮೇಷ್ಟ್ರು ಕ್ರೀಮಿನ ಮೇಲೆ ಕಾಲಿಟ್ಟು ಮೊಣಕೈ ಮುರಿದುಕೊಂಡ ವರ್ಷದ್ದು. ಮೆಟ್ಟಿಲಿನ ಕಂಬಿಯ ಮೇಲೆ ಕೂತು ಜಾರಬಾರದು ಎಂಬ ಮೂವತ್ತೆಂಟನೆಯದು ಯಾರ ದೆಸೆಯಿಂದ ಬಂತೆಂದು ಬಾಯಿ ಬಿಡುವಂತಿಲ್ಲ. ಅವರೇ ಈಗ ಪ್ರಿನ್ಸಿಪಾಲರು.

ಮೂವತ್ತೊಂದನೆಯದು ನನಗೆ ಅಚ್ಚುಮೆಚ್ಚು. ದೂರನ್ನು ಪೂರ್ಣ ಹಾಳೆಯ ಮೇಲೆ, ಎಡಗಡೆ ಅಂಚು ಬಿಟ್ಟು, ಒಬ್ಬರೇ ಸಹಿ ಮಾಡಿ, ತರಗತಿಯ ಅಧ್ಯಾಪಕರ ಸಹಿ ಮತ್ತು ದಿನಾಂಕದೊಂದಿಗೆ ಸಲ್ಲಿಸತಕ್ಕದ್ದು. ಹಾಗಿಲ್ಲದ ಪತ್ರ ಬಂದರೆ ತಪ್ಪಿರುವ ಕಡೆ ಪೆನ್ಸಿಲಿನಲ್ಲಿ ಸಣ್ಣ ಗೀಟು ಹಾಕಿ ಅಲ್ಲೇ ವಾಪಸ್ ಕೊಡುತ್ತೇನೆ. ಸರಿ ಇರುವುದು ಮಾತ್ರ ಬಂದ ಪತ್ರಗಳ ಇನ್‌ವರ್ಡ್ ರಿಜಿಸ್ಟರಿಗೆ ಹತ್ತಿ ನಂಬರು ಪಡೆಯುತ್ತದೆ. ಇಪ್ಪತ್ತೆಂಟು ವರ್ಷದ ರಿಜಿಸ್ಟರುಗಳಲ್ಲಿ ಯಾರಾದರೂ ಒಂದೇ ಒಂದು ಚಿತ್ತುಕಾಟು ತೋರಿಸಲಿ, ಕೆಲಸ ಬಿಡುತ್ತೇನೆ. ಹುಡುಗರು ನನ್ನ ಬೆನ್ನ ಹಿಂದೆ 'ಮೂವತ್ತೊಂದು ಮೇಡಂ' ಎನ್ನುತ್ತಾರೆ. ಅನ್ನಲಿ, ನಂಬರಾದರೂ ಸರಿಯಾಗಿ ನೆನಪಿದೆಯಲ್ಲ.

ಮನೆಯಲ್ಲಿ ಅತ್ತೆ ಇವತ್ತೂ ನಿಯಮ ಮುರಿದಿದ್ದಾರೆ. ಡಿಸೆಂಬರಿನಲ್ಲಿ ಬಚ್ಚಲಲ್ಲಿ ಬಿದ್ದ ಮೇಲೆ ಅವರ ಕೋಣೆಯ ಗೋಡೆಗೆ ಐದು ಸಾಲಿನ ಹಾಳೆ ಅಂಟಿಸಿದ್ದೇನೆ. ನಾನಿಲ್ಲದಾಗ ಮಂಚದಿಂದ ಇಳಿಯಬಾರದು, ಒಬ್ಬರೇ ಬಚ್ಚಲಿಗೆ ಹೋಗಬಾರದು, ಇತ್ಯಾದಿ. ಎದುರುಮನೆಯ ಟೈಲರಮ್ಮನ ಬಳಿ ನಮ್ಮ ಮನೆಯ ಕೀಲಿ ಇದೆ. ಹನ್ನೊಂದಕ್ಕೊಮ್ಮೆ, ಮೂರಕ್ಕೊಮ್ಮೆ ಬಂದು ಬಚ್ಚಲಿಗೆ ಕರೆದುಕೊಂಡು ಹೋಗುತ್ತಾಳೆ. ಇವತ್ತು ಅತ್ತೆ ಯಾರನ್ನೂ ಕಾಯದೆ ಕಿಟಕಿಯವರೆಗೆ ನಡೆದು ಹೋಗಿ ಬೀದಿ ನೋಡುತ್ತ ನಿಂತಿದ್ದರಂತೆ. ಎಂಬತ್ತನಾಲ್ಕು ವರ್ಷ. ಅವರ ಮಗ, ಅಂದರೆ ನನ್ನ ಯಜಮಾನರು, ತೀರಿಕೊಂಡು ಆರು ವರ್ಷವಾದ ಮೇಲೆ ಈ ಮನೆಯಲ್ಲಿ ಉಳಿದಿರುವವರು ನಾವಿಬ್ಬರೇ. ಮಾತು ಕೇಳದಿದ್ದರೆ ಹೇಗೆ?

ಫೆಬ್ರವರಿ ೬, ಗುರುವಾರ

ಮೆಣಸು ಮತ್ತೆ ಬಂದಿದ್ದಳು. ಕೊನೆಯ ವರ್ಷದ ರಸಾಯನಶಾಸ್ತ್ರದ ಹುಡುಗಿ. ಗಿಡ್ಡಕ್ಕಿದ್ದಾಳೆ, ಬಾಯಿ ತೆರೆದರೆ ಖಾರ. ಹಾಗಾಗಿ ಈ ಹೆಸರು. ಕರೆದರೆ ಅವಳೂ ಓಗೊಡುತ್ತಾಳೆ.

ಇದು ಮೂರನೆಯ ಪತ್ರ. ಮೊದಲನೆಯದರಲ್ಲಿ ಅಧ್ಯಾಪಕರ ಸಹಿಯೇ ಇರಲಿಲ್ಲ. ಎರಡನೆಯದರಲ್ಲಿ ಹನ್ನೊಂದು ಹುಡುಗಿಯರು ಸಹಿ ಮಾಡಿದ್ದರು. ಸಾಮೂಹಿಕ ದೂರು ಸ್ವೀಕರಿಸುವಂತಿಲ್ಲ. ಇವತ್ತಿನದರಲ್ಲಿ ಅಂಚು, ಸಹಿ ಎಲ್ಲ ಸರಿ, ಆದರೆ ಅಧ್ಯಾಪಕರ ಸಹಿಯ ಕೆಳಗೆ ದಿನಾಂಕವಿಲ್ಲ. ಗೀಟು ಹಾಕಿ ಕೊಟ್ಟೆ. ಸಹಿ ಹಾಕಿದ ಅಧ್ಯಾಪಕರು ತಿಂಗಳ ಕೊನೆಯವರೆಗೆ ರಜೆಯಲ್ಲಿದ್ದಾರೆ, ದಿನಾಂಕ ನಾನೇ ಹಾಕಿಬಿಡಲೇ ಎಂದು ಕೇಳಿದಳು. ಅದು ನಲವತ್ತನೇ ನಿಯಮದ ಪ್ರಕಾರ ದಾಖಲೆ ತಿದ್ದುವ ಅಪರಾಧ ಎಂದು ತಿಳಿಸಿದೆ. ಪತ್ರವನ್ನು ಚೀಲಕ್ಕೆ ತುರುಕಿಕೊಂಡು ಹೋದಳು. ಮೂರನೇ ಮಹಡಿಯ ಏನೋ ವಿಷಯವಂತೆ.

ಅತ್ತೆ ಸಂಜೆ ಚಹಾ ಬೇಡ ಎಂದರು. ಈಚೆಗೆ ಎಲ್ಲದಕ್ಕೂ ಬೇಡ. ವಯಸ್ಸಾದಂತೆ ಹಟವೂ ಜಾಸ್ತಿ.

ಫೆಬ್ರವರಿ ೧೧, ಮಂಗಳವಾರ

ಇಪ್ಪತ್ತೆಂಟು ವರ್ಷದಲ್ಲಿ ಇಂಥದ್ದನ್ನು ನಾನು ಕಂಡಿರಲಿಲ್ಲ.

ಮೂರನೇ ಮಹಡಿಯಲ್ಲಿ ಹುಡುಗಿಯರ ಶೌಚಾಲಯಕ್ಕೆ ನವೆಂಬರಿನಿಂದ ಬೀಗ. ಅದರ ನೀರಿನ ಪಂಪು ಕೆಟ್ಟಿತ್ತು, ಪ್ರಿನ್ಸಿಪಾಲರು ಬೀಗ ಹಾಕಿಸಿದ್ದರು. ಇವತ್ತು ಹನ್ನೊಂದರ ವಿರಾಮದಲ್ಲಿ, ಬೆಂಚು ರಿಪೇರಿಗೆ ಬಂದಿದ್ದ ಬಡಗಿಯಿಂದ ಸುತ್ತಿಗೆ ಕೇಳಿ ತೆಗೆದುಕೊಂಡು, ಎಲ್ಲರ ಎದುರಿಗೇ ಮೆಣಸು ಆ ಬೀಗ ಒಡೆದಿದ್ದಾಳೆ. ವಾಚ್‌ಮನ್ ಓಡಿ ಹೋಗುವಷ್ಟರಲ್ಲಿ ಕೆಲಸ ಮುಗಿದಿತ್ತು. ಸುತ್ತಿಗೆಯನ್ನು ಬಡಗಿಗೆ ವಾಪಸ್ ಕೊಟ್ಟು ಥ್ಯಾಂಕ್ಸ್ ಬೇರೆ ಹೇಳಿದಳಂತೆ.

ಆಮೇಲೆ ತಾನೇ ಕಚೇರಿಗೆ ಬಂದು ಒಡೆದ ಬೀಗವನ್ನು ನನ್ನ ಮೇಜಿನ ಮೇಲಿಟ್ಟಳು.

"ಇದನ್ನ ಯಾವ ಫಾರ್ಮ್ಯಾಟಲ್ಲಿ ಕೊಡ್ಬೇಕು ಮೇಡಂ?"

ಅಕ್ಕಪಕ್ಕದ ಗುಮಾಸ್ತರು ಫೈಲಿನೊಳಗೆ ಮುಖ ಹುದುಗಿಸಿ ನಕ್ಕರು. ನಾನು ನಗಲಿಲ್ಲ. ಕಾಲೇಜಿನ ಆಸ್ತಿಗೆ ಹಾನಿ, ಇಪ್ಪತ್ತಮೂರನೇ ನಿಯಮ, ಒಂದು ತಿಂಗಳ ಅಮಾನತು. ಅಂತಿಮ ಪರೀಕ್ಷೆ ಮಾರ್ಚ್ ಹತ್ತಕ್ಕೆ. ಅಮಾನತಾದವರಿಗೆ ಹಾಲ್ ಟಿಕೆಟ್ ಇಲ್ಲ; ಅಂದರೆ ಅವಳು ಇಡೀ ವರ್ಷ ಮತ್ತೆ ಓದಬೇಕು. ಸುತ್ತಿಗೆ ಎತ್ತುವ ಮುಂಚೆ ಕೈಪಿಡಿ ತೆರೆದು ನೋಡಬಾರದಿತ್ತೇ?

ಫೆಬ್ರವರಿ ೧೩, ಗುರುವಾರ

ಅತ್ತೆಗೆ ಜ್ವರ. ಅರ್ಧ ದಿನ ರಜೆ ಹಾಕಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಮೂತ್ರದ ಸೋಂಕು ಎಂದರು. ನೀರು ಸರಿಯಾಗಿ ಕುಡಿಯುತ್ತಿಲ್ಲವೇ ಎಂದು ಕೇಳಿದರು. ಮಂಚದ ಪಕ್ಕ ಯಾವಾಗಲೂ ತಂಬಿಗೆ ತುಂಬಿ ಇಟ್ಟಿರುತ್ತೇನೆ ಎಂದೆ. ನಿಜವೇ. ಮನೆಗೆ ಬಂದು ನೋಡಿದರೆ ಬೆಳಗ್ಗೆ ತುಂಬಿಸಿಟ್ಟ ತಂಬಿಗೆ ಹಾಗೆಯೇ ಇತ್ತು.

ಯಾಕೆ ಕುಡಿಯುವುದಿಲ್ಲ ಎಂದರೆ ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. ಮಾತ್ರೆ ದಿನಕ್ಕೆರಡು, ಏಳು ದಿನ.

ಫೆಬ್ರವರಿ ೧೭, ಸೋಮವಾರ

ಶಿಸ್ತು ಸಮಿತಿಯ ವಿಚಾರಣೆ. ಪ್ರಿನ್ಸಿಪಾಲರು, ರಸಾಯನಶಾಸ್ತ್ರದ ಮೇಷ್ಟ್ರು, ಗ್ರಂಥಪಾಲಕಿ ದೊಡ್ಡ ಮೇಜಿಗೆ. ಸಮಿತಿಯ ಕಾರ್ಯದರ್ಶಿಯಾಗಿ ನಾನು ಗೋಡೆ ಪಕ್ಕದ ಸಣ್ಣ ಮೇಜಿಗೆ. ಕಾರ್ಯದರ್ಶಿ ಕೇಳಿದರೆ ಉತ್ತರ ಕೊಡಬೇಕು, ಇಲ್ಲದಿದ್ದರೆ ಬರೆದುಕೊಳ್ಳಬೇಕು. ಈ ಪದ್ಧತಿ ಯಾವ ನಿಯಮದಲ್ಲೂ ಇಲ್ಲ, ಆದರೆ ಮೀರಿದವರಿಲ್ಲ.

ಬೀಗ ಒಡೆದದ್ದು ನಾನೇ ಎಂದು ಮೆಣಸು ಒಪ್ಪಿಕೊಂಡಳು. ಮೂರು ಸಲ ಕಚೇರಿಗೆ ದೂರು ತಂದಿದ್ದೆ, ತೆಗೆದುಕೊಳ್ಳಲಿಲ್ಲ ಎಂದಳು. ಚೀಲದಿಂದ ಒಂದು ಹಾಳೆ ತೆಗೆದು ಮುಂದಿಟ್ಟಳು. ಮೂರನೆಯ ಪತ್ರ, ಮೊದಲೆರಡನ್ನು ಎಸೆದುಬಿಟ್ಟಿದ್ದಾಳೆ. ಪ್ರಿನ್ಸಿಪಾಲರು ಅದನ್ನು ಹಿಂದೆ ಮುಂದೆ ತಿರುಗಿಸಿ, ಇದರ ಮೇಲೆ ಕಚೇರಿಯ ಸೀಲಿಲ್ಲ, ನಂಬರಿಲ್ಲ, ಅಧ್ಯಾಪಕರ ಸಹಿಗೆ ದಿನಾಂಕವೂ ಇಲ್ಲ, ಇದು ನಿನ್ನೆ ಬರೆದದ್ದಲ್ಲ ಎಂದು ಹೇಗೆ ನಂಬುವುದು ಎಂದರು. ನಂತರ ನನ್ನ ಕಡೆ ತಿರುಗಿದರು.

"ಇನ್‌ವರ್ಡಲ್ಲಿ ಏನಾದ್ರೂ ಇದೆಯಾ ಮೇಡಂ?"

"ರಿಜಿಸ್ಟರಲ್ಲಿ ಇಲ್ಲ ಸರ್."

ಕೇಳಿದ್ದಕ್ಕೆ ಸರಿಯಾದ ಉತ್ತರ. ಮೆಣಸು ನನ್ನ ಕಡೆ ನೋಡಿದಳು. ಪೋಷಕರನ್ನು ಕರೆಸಿ ಮುಂದಿನ ಸೋಮವಾರ ತೀರ್ಮಾನ ಮಾಡುವುದೆಂದು ಸಭೆ ಮುಗಿಯಿತು.

ಹಾಳೆಯ ಮೇಲಿನ ಪೆನ್ಸಿಲಿನ ಗೀಟು ನನ್ನ ಜಾಗದಿಂದಲೇ ಕಾಣುತ್ತಿತ್ತು.

ಫೆಬ್ರವರಿ ೧೮, ಮಂಗಳವಾರ

ರಜೆ ಹಾಕಿದೆ. ತಲೆನೋವು.

ಫೆಬ್ರವರಿ ೨೦, ಗುರುವಾರ

ಮೂರನೇ ಮಹಡಿಗೆ ಹೋಗಿದ್ದೆ. ಮಂಡಿ ನೋವು ಶುರುವಾದ ಮೇಲೆ, ಅಂದರೆ ನಾಲ್ಕು ವರ್ಷದಿಂದ, ಅಲ್ಲಿಗೆ ಕಾಲಿಟ್ಟಿರಲಿಲ್ಲ. ನಡಾವಳಿ ಬರೆಯುವವರಿಗೆ ಸ್ಥಳದ ಪರಿಚಯ ಇರಬೇಕು ಎಂಬ ಕಾರಣಕ್ಕೆ ಹತ್ತಿದೆ. ಬಾಗಿಲಿಗೆ ಈಗ ಹೊಸ ಬೀಗ, ಹಳೆಯದಕ್ಕಿಂತ ದೊಡ್ಡದು.

ಅಲ್ಲಿ ಐದು ತರಗತಿ. ಕೆಳಗಿನ ಶೌಚಾಲಯಕ್ಕೆ ಹೋಗಿ ಬರಲು ಎಷ್ಟು ಹೊತ್ತಾಗುತ್ತದೆಂದು ಗಡಿಯಾರ ಹಿಡಿದು ನೋಡಿದೆ. ನನ್ನ ಮಂಡಿಗೆ ಇಳಿಯಲು ನಾಲ್ಕು ನಿಮಿಷ. ಹುಡುಗಿಯರಿಗೆ ಎರಡು ಎಂದಿಟ್ಟುಕೊಳ್ಳೋಣ. ಕೆಳಗೆ ಎರಡೇ ಬಾಗಿಲು, ಹೊರಗೆ ಇಪ್ಪತ್ತಾರು ಜನರ ಸಾಲು. ವಿರಾಮ ಹತ್ತು ನಿಮಿಷ. ಬೆಲ್ಲಾದ ಮೇಲೆ ತರಗತಿಗೆ ಪ್ರವೇಶವಿಲ್ಲ, ಒಂಬತ್ತನೇ ನಿಯಮ. ತರಗತಿಯ ನಡುವೆ ಹೊರಗೆ ಹೋಗುವಂತಿಲ್ಲ, ಹನ್ನೊಂದನೇ ನಿಯಮ. ಹನ್ನೊಂದನೆಯದು ನಾನೇ ಬರೆದದ್ದು. ಭಾಷೆ ಚೆನ್ನಾಗಿದೆ ಎಂದು ಆಗಿನ ಪ್ರಿನ್ಸಿಪಾಲರು ಹೊಗಳಿದ್ದರು.

ಮೇಲೆ ಕುಡಿಯುವ ನೀರಿನ ಫಿಲ್ಟರ್ ಇದೆ. ಕೆಳಗಿನ ತಟ್ಟೆ ಒಣಗಿ ಧೂಳು ಕೂತಿತ್ತು. ಫಿಲ್ಟರ್ ಕೆಟ್ಟಿದೆಯೇ ಎಂದು ಅಲ್ಲಿದ್ದ ಮೊದಲ ವರ್ಷದ ಹುಡುಗಿಯನ್ನು ಕೇಳಿದೆ. ಕೆಟ್ಟಿಲ್ಲ ಮೇಡಂ, ಯಾರೂ ಕುಡಿಯುವುದಿಲ್ಲ ಎಂದಳು. ಬೆಳಗ್ಗೆ ಮನೆ ಬಿಟ್ಟಾಗಿನಿಂದ ನಾಲ್ಕು ಗಂಟೆಯವರೆಗೆ ಬಾಯಿಗೆ ನೀರು ಹಾಕುವುದಿಲ್ಲವಂತೆ. ಅವಳ ಗೆಳತಿಯೊಬ್ಬಳು ಜನವರಿಯಲ್ಲಿ ತರಗತಿಯಲ್ಲೇ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ್ದಳು. ಕಿಡ್ನಿಗೆ ಸೋಂಕು. ಅವಳನ್ನು ಎತ್ತಿಕೊಂಡು ಮೂರು ಮಹಡಿ ಇಳಿದವಳು ಮೆಣಸೇ ಅಂತೆ. ಅಷ್ಟು ಗಿಡ್ಡ ಹುಡುಗಿ ಹೇಗೆ ಎತ್ತಿದಳೋ.

ಪಂಪು ರಿಪೇರಿ ಯಾಕಾಗಿಲ್ಲ ಎಂದು ಕಚೇರಿಯಲ್ಲಿ ಫೈಲು ತೆಗೆಸಿ ನೋಡಿದೆ. ದೂರಿನ ನಂಬರು ಬರೆಯಬೇಕಾದ ಜಾಗ ಖಾಲಿ ಇದೆ. ದೂರಿನ ನಂಬರಿಲ್ಲದೆ ಪ್ಲಂಬರನ್ನು ಕರೆಯುವಂತಿಲ್ಲ. ನಂಬರು ಕೊಡುವವಳು ನಾನು.

ಇಷ್ಟೇ ಸ್ಥಳದ ಪರಿಚಯ.

ಫೆಬ್ರವರಿ ೨೨, ಶನಿವಾರ

ಅತ್ತೆಗೆ ಜ್ವರ ಬಿಟ್ಟಿದೆ. ಮಧ್ಯಾಹ್ನ ಮಾತಿಗೆ ಕೂತರು. ಅವರು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರಾಗಿದ್ದವರು. ಒಂದು ಸಾಲಿನಲ್ಲಿ ಹನ್ನೆರಡು ಹೆಂಗಸರು, ಸಾಲಿಗೆ ಒಂದೇ ಮರದ ಬಿಲ್ಲೆ. ಹೊರಗೆ ಹೋಗಬೇಕಾದವರು ಸೂಪರ್‌ವೈಸರ ಮೇಜಿನಿಂದ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಅದು ವಾಪಸ್ ಬರುವವರೆಗೆ ಉಳಿದ ಹನ್ನೊಂದು ಜನ ಕೂತಿರಬೇಕು. ಬಿಲ್ಲೆಗೆ ಹೋದಾಗಲೆಲ್ಲ ಆ ಸೂಪರ್‌ವೈಸರ್ ತಲೆಯೆತ್ತಿ ಗಡಿಯಾರ ನೋಡುತ್ತಿದ್ದನಂತೆ.

"ಅವನು ಬೈತಿರ್ಲಿಲ್ಲ ಕಣೇ. ಗಡಿಯಾರ ನೋಡ್ತಿದ್ದ, ಅಷ್ಟೇ. ಅದಕ್ಕೇ ನಾವು ನೀರು ಕುಡಿಯೋದನ್ನೇ ಬಿಟ್ವಿ."

ಇಷ್ಟು ವರ್ಷದಲ್ಲಿ ಈ ಕತೆ ಯಾಕೆ ಹೇಳಿರಲಿಲ್ಲ ಎಂದು ಕೇಳಿದೆ. ನೀನು ಕೇಳಿರಲಿಲ್ಲ ಎಂದರು. ಆಮೇಲೆ ಟೈಲರಮ್ಮ ಮೂರಕ್ಕೆ ಬರಲು ಇನ್ನೂ ನಲವತ್ತು ನಿಮಿಷವಿದೆ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಇವತ್ತು ಶನಿವಾರ, ನಾನು ಮನೆಯಲ್ಲೇ ಇದ್ದೇನೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ. ಕೈ ಹಿಡಿದು ಎಬ್ಬಿಸಿಕೊಂಡು ಹೋದೆ. ಅವರ ಕೈ ಇಷ್ಟು ಹಗುರಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ಫೆಬ್ರವರಿ ೨೪, ಸೋಮವಾರ

ಮೆಣಸಿನ ತಾಯಿ ಬಸ್ ಕಂಡಕ್ಟರ್. ಯೂನಿಫಾರ್ಮಿನಲ್ಲೇ, ಹೆಗಲಿಗೆ ಚರ್ಮದ ಚೀಲ ಹಾಕಿಕೊಂಡು ಬಂದಿದ್ದರು. ಸಭೆ ತಡವಾದ್ದರಿಂದ ನನ್ನ ಮೇಜಿನ ಎದುರೇ ಕೂತರು. ನೀರು ಕೊಟ್ಟೆ. ಬೇಡ ಮೇಡಂ, ಇಲ್ಲಿಂದ ನೇರ ಡ್ಯೂಟಿಗೆ, ನಾಲ್ಕು ಗಂಟೆ ಹೊತ್ತಿನ ರೂಟು, ಮಧ್ಯೆ ಇಳಿಯುವಂತಿಲ್ಲ ಎಂದರು. ಈಚೆಗೆ ಯಾರು ನೀರು ಕುಡಿಯುತ್ತಾರೆ, ಯಾರು ಕುಡಿಯುವುದಿಲ್ಲ ಎಂದು ನೋಡುವ ಚಟ ನನಗೆ ಹತ್ತಿಬಿಟ್ಟಿದೆ.

ಒಳಗೆ ಹೆಚ್ಚು ಮಾತಾಗಲಿಲ್ಲ. ಮಗಳು ಮಾಡಿದ್ದು ತಪ್ಪು, ಆದರೆ ಒಂದು ವರ್ಷ ಕಳೆಯಬೇಡಿ ಎಂದು ತಾಯಿ ಕೇಳಿಕೊಂಡರು. ಮೆಣಸು ತಲೆ ತಗ್ಗಿಸಿದ್ದಳು. ತನಗಾಗಿ ತಾಯಿ ಕೈಮುಗಿಯುವುದನ್ನು ನೋಡಲಾರದೆ ಇರಬೇಕು. ಗ್ರಂಥಪಾಲಕಿ ಆ ಪತ್ರವನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು. ನವೆಂಬರಿನಿಂದ ಮೂರನೇ ಮಹಡಿಯ ಶೌಚಾಲಯ ಮುಚ್ಚಿದೆ, ನಮ್ಮ ಹುಡುಗಿಯರು ದಿನವಿಡೀ ನೀರು ಕುಡಿಯುವುದನ್ನು ಬಿಟ್ಟಿದ್ದಾರೆ, ಒಬ್ಬಳು ಆಸ್ಪತ್ರೆಗೆ ಸೇರಿದ್ದಾಳೆ, ದಯವಿಟ್ಟು ಬೀಗ ತೆಗೆಸಿ, ಆಗದಿದ್ದರೆ ಕಾರಣವನ್ನಾದರೂ ತಿಳಿಸಿ. ಪ್ರಿನ್ಸಿಪಾಲರು ಪೂರ್ತಿ ಕೇಳಿದರು. ಸಂಗತಿ ನಿಜವಿರಬಹುದು, ಆದರೆ ದೂರು ಕೊಡುವ ದಾರಿ ಬಿಟ್ಟು ಸುತ್ತಿಗೆ ಹಿಡಿದರೆ ನಾಳೆ ಪ್ರತಿಯೊಬ್ಬರೂ ಹಿಡಿಯುತ್ತಾರೆ ಎಂದರು. ಅವರು ಕೆಟ್ಟ ಮನುಷ್ಯರಲ್ಲ, ಆ ಮಾತೂ ಸುಳ್ಳಲ್ಲ. ನಂತರ ನನಗೆ ಬರೆಸತೊಡಗಿದರು: ದೂರು ಸಲ್ಲಿಸಲು ಕ್ರಮಬದ್ಧವಾದ ಮಾರ್ಗವಿದ್ದಾಗ್ಯೂ ವಿದ್ಯಾರ್ಥಿನಿಯು ಅದನ್ನು ಬಳಸದೆ...

ನಾನು ಬರೆಯುವುದನ್ನು ನಿಲ್ಲಿಸಿದೆ. ಇಂಕು ಮುಗಿದಿದೆ ಎಂದುಕೊಂಡು ರಸಾಯನಶಾಸ್ತ್ರದ ಮೇಷ್ಟ್ರು ತಮ್ಮ ಪೆನ್ನು ಚಾಚಿದರು. ಪಾಪ, ಒಳ್ಳೆಯವರು.

"ಬಳಸಿದ್ದಾಳೆ ಸರ್," ಎಂದೆ. "ಮೂರು ಸಲ. ಆ ಪೆನ್ಸಿಲ್ ಗೀಟು ನಂದೇ."

"ಅವತ್ತು ಇಲ್ಲ ಅಂದ್ರಲ್ಲ ಮೇಡಂ?"

"ರಿಜಿಸ್ಟರಲ್ಲಿ ಇಲ್ಲ ಅಂದೆ. ನಾನು ಹತ್ತಿಸಿರ್ಲಿಲ್ಲ. ವಾಪಸ್ ಕೊಟ್ಟಿದ್ದನ್ನ ಯಾವತ್ತೂ ಹತ್ತಿಸಿಲ್ಲ."

ಪ್ರಿನ್ಸಿಪಾಲರು, ಇದೆಲ್ಲ ನಡಾವಳಿಯಲ್ಲಿ ಬರಬೇಕಾಗಿಲ್ಲ ಎಂದರು. ನನ್ನನ್ನು ಉಳಿಸಲು ಹೇಳಿದ್ದೆಂದು ಗೊತ್ತಾಯಿತು. ಬರಬೇಕು ಸರ್, ಇಲ್ಲದಿದ್ದರೆ ತೀರ್ಮಾನಕ್ಕೆ ಆಧಾರವಿರುವುದಿಲ್ಲ ಎಂದೆ. ಬರೆದೆ. ನನ್ನ ಹುದ್ದೆ, ಮೂರು ಪತ್ರಗಳು, ವಾಪಸ್ ಕೊಟ್ಟ ಕಾರಣಗಳು. ಎರಡು ಕಡೆ ಚಿತ್ತುಕಾಟು ಬಿತ್ತು.

ತೀರ್ಮಾನ: ವಿದ್ಯಾರ್ಥಿನಿಗೆ ಲಿಖಿತ ಎಚ್ಚರಿಕೆ. ಅಮಾನತಿಲ್ಲ. ಹಾಲ್ ಟಿಕೆಟ್ ಕೊಡತಕ್ಕದ್ದು. ತಾಯಿ ಹೊರಗೆ ಬಂದವರೇ ಮಗಳ ತಲೆಗೊಂದು ಮೊಟಕಿ, ಬಸ್ಸು ತಪ್ಪುತ್ತದೆಂದು ಓಡಿದರು. ಮೆಣಸು ನನ್ನ ಕಡೆ ತಿರುಗಿ ನೋಡಲಿಲ್ಲ.

ಫೆಬ್ರವರಿ ೨೭, ಗುರುವಾರ

ಮೆಮೊ ಬಂತು, ನನ್ನ ಜನ್ಮದಲ್ಲಿ ಮೊದಲನೆಯದು. ನಾನೇ ತಯಾರಿಸಿಟ್ಟ ನಮೂನೆ, ಹೆಸರಿನ ಜಾಗದಲ್ಲಿ ನನ್ನ ಹೆಸರು. ದಾಖಲಿಸದೆ ಹಿಂತಿರುಗಿಸಿದ ಪತ್ರಗಳ ಬಗ್ಗೆ ಹದಿನೈದು ದಿನದೊಳಗೆ ವಿವರಣೆ ನೀಡತಕ್ಕದ್ದು. ಸಮಿತಿಯ ಕೆಲಸ, ಕೈಪಿಡಿಯ ಕೆಲಸ ಎರಡನ್ನೂ ಇಂಗ್ಲಿಷ್ ಮೇಡಂಗೆ ಒಪ್ಪಿಸಿದ್ದಾರೆ. ನಿವೃತ್ತಿಗೆ ಹನ್ನೊಂದು ತಿಂಗಳಿರುವಾಗ.

ನಾಚಿಕೆಯಾಯಿತು. ಮೆಮೊದಿಂದ ಎಂದುಕೊಂಡಿದ್ದೆ. ವಿವರಣೆ ಬರೆಯಲು ಕೂತಾಗ, ಒಟ್ಟು ಎಷ್ಟು ಪತ್ರ ಹಿಂತಿರುಗಿಸಿರಬಹುದು ಎಂದು ಅಂದಾಜು ಹಾಕತೊಡಗಿದೆ. ವಾರಕ್ಕೆ ಎರಡು ಎಂದರೂ ವರ್ಷಕ್ಕೆ ನೂರರ ಹತ್ತಿರ, ಇಪ್ಪತ್ತೆಂಟು ವರ್ಷಕ್ಕೆ... ಅಲ್ಲಿಗೇ ಬಿಟ್ಟೆ.

ಮೂರನೇ ಮಹಡಿಯ ದೂರಿಗೆ ನಂಬರು ಬಿದ್ದಿದೆ. ಪ್ಲಂಬರ್ ಬಂದು ಅರ್ಧ ಗಂಟೆಯಲ್ಲಿ ರಿಪೇರಿ ಮಾಡಿ ಹೋದ. ವಾಶರ್ ಸವೆದಿತ್ತಂತೆ, ಬೇರೇನಿಲ್ಲ.

ಮಾರ್ಚ್ ೨, ಭಾನುವಾರ

ಅತ್ತೆಯ ಕೋಣೆಯ ಗೋಡೆಯಿಂದ ಆ ಹಾಳೆ ತೆಗೆದೆ. ಅಂಟು ಒಣಗಿ ಒಂದು ಮೂಲೆ ಎದ್ದುಬಂದು ಅಸಹ್ಯವಾಗಿ ಕಾಣುತ್ತಿತ್ತು. ಮತ್ತೊಂದನ್ನು ಬರೆಯಲು ಪುರುಸೊತ್ತಿಲ್ಲ. ಬಡಗಿಯನ್ನು ಕರೆಸಿ ಮಂಚದಿಂದ ಬಚ್ಚಲಿನವರೆಗೆ ಗೋಡೆಗೆ ಹಿಡಿಕೆ ಹೊಡೆಸಿದೆ. ಕಾಲೇಜಿನ ಬೆಂಚು ರಿಪೇರಿ ಮಾಡಿದವನೇ. ಸುತ್ತಿಗೆ ಕೊಟ್ಟದ್ದಕ್ಕೆ ತನಗೇನೂ ತೊಂದರೆಯಿಲ್ಲವಲ್ಲ ಮೇಡಂ ಎಂದು ಎರಡು ಸಲ ಕೇಳಿದ.

ಅತ್ತೆ ಹಿಡಿಕೆ ಹಿಡಿದು ಒಂದು ಸುತ್ತು ಹೋಗಿ ಬಂದರು. ಮಧ್ಯೆ ಒಮ್ಮೆ ವಾಲಿದಾಗ ಎದ್ದು ಹೋಗಿ ಹಿಡಿಯಬೇಕೆನಿಸಿತು, ಕೂತೇ ಇದ್ದೆ. ಸಂಜೆ ಎರಡು ಲೋಟ ಚಹಾ ಕುಡಿದರು. ಸಕ್ಕರೆ ಕಡಿಮೆ ಎಂದು ಆಕ್ಷೇಪಣೆ ಬೇರೆ.

ಮಾರ್ಚ್ ೧೦, ಸೋಮವಾರ

ಪರೀಕ್ಷೆ ಶುರು. ನನಗೆ ಗೇಟಿನಲ್ಲಿ ಹಾಲ್ ಟಿಕೆಟ್ ನೋಡುವ ಕೆಲಸ ಹಾಕಿದ್ದಾರೆ. ಬಿಸಿಲು, ಕುರ್ಚಿಯಿಲ್ಲ. ಮೆಮೊ ತಿಂದವರಿಗೆ ಕುರ್ಚಿ ಎಲ್ಲಿಂದ ಬರಬೇಕು.

ಒಂಬತ್ತೂವರೆಗೆ ಮೆಣಸು ಬಂದಳು. ಕೈಯಲ್ಲಿ ಹಾಲ್ ಟಿಕೆಟ್, ಅರ್ಧ ಖಾಲಿಯಾದ ನೀರಿನ ಬಾಟಲಿ. ಒಂದು ಥ್ಯಾಂಕ್ಸ್ ಹೇಳಬಹುದು ಎಂದು ನಾನು ಕಾದಿದ್ದು ನಿಜ. ಇಲ್ಲಿ ಸುಳ್ಳು ಬರೆದು ಏನು ಪ್ರಯೋಜನ? ಹೇಳಿದರೆ ಏನೆನ್ನಬೇಕೆಂದು ಯೋಚಿಸಿಯೂ ಇಟ್ಟುಕೊಂಡಿದ್ದೆ: ನನ್ನ ಕೆಲಸ ನಾನು ಮಾಡಿದೆ, ಚೆನ್ನಾಗಿ ಬರಿ ಹೋಗು.

ಟಿಕೆಟ್ ನೋಡಿ ವಾಪಸ್ ಕೊಟ್ಟೆ. ಅವಳು ಹೋಗಲಿಲ್ಲ.

"ಮೇಡಂ, ಒಂದು ಕೇಳ್ಲಾ? ಮೂರು ಸಲ ತಂದಾಗ್ಲೂ ಕೈಗೆ ತಗೊಂಡು ನೋಡಿದ್ರಲ್ಲ. ಒಳಗೆ ಏನು ಬರ್ದಿದೀನಿ ಅಂತ ಓದಿದ್ರಾ?"

ಹಿಂದೆ ಸಾಲು ಬೆಳೆಯುತ್ತಿತ್ತು. ಓದಿದ್ದೆ ಎಂದಿದ್ದರೆ ಅವಳು ನಂಬುತ್ತಿದ್ದಳೋ ಏನೋ.

"ಇಲ್ಲ," ಎಂದೆ.

ಅವಳು ತಲೆಯಾಡಿಸಿದಳು. ಮುಖದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು.

"ಎಂಟೇ ಸಾಲು ಇತ್ತು ಮೇಡಂ," ಎಂದು ಹೇಳಿ ಪರೀಕ್ಷೆ ಬರೆಯಲು ಒಳಗೆ ಹೋದಳು.